ಬಾಣಂತಿ ಕೋಣೆಗೆ ಬಾರದ ಮಿಷನ್

ಚೆನ್ನೈಯ ನಮ್ಮ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಕನ್ನಡ ಮಾತಾಡುವ ಕುಟುಂಬ ಬಂದರೆ ಇನ್‌ಚಾರ್ಜ್ ಸಿಸ್ಟರ್ ನನ್ನನ್ನು ಕರೆಸುತ್ತಿದ್ದರು. "ಉನ್ ಊರುಕಾರಂಗ ವಂದಿರುಕಾಂಗ," ನಿನ್ನ ಊರಿನವರು ಬಂದಿದ್ದಾರೆ, ಎನ್ನುವುದು ಅವರ ರೂಢಿಯ ಮಾತು. ಕುಂದಾಪುರವಾಗಲಿ, ಕೊಳ್ಳೇಗಾಲವಾಗಲಿ, ಅವರ ಪಾಲಿಗೆ ಎಲ್ಲವೂ ನನ್ನ ಊರೇ. ಅದನ್ನು ತಿದ್ದುವ ಅಗತ್ಯ ನನಗೆ ಕಾಣಲಿಲ್ಲ. ಹೆರಿಗೆಗೆ ಮೊದಲು, ಹೆರಿಗೆಯಾದ ಮೇಲೆ, ಮನೆಗೆ ಕಳಿಸುವಾಗ, ಹೀಗೆ ಮೂರು ಹಂತದಲ್ಲಿ ಕುಟುಂಬದವರಿಗೆ ತಿಳಿವಳಿಕೆ ಹೇಳುವುದು ನನ್ನ ಕೆಲಸ. ಯಾವ ಭಾಷೆಯಲ್ಲಿ ಹೇಳಿದರೂ ವಿಷಯ ಒಂದೇ.

ಆ ಸಲ ಬಂದವರು ಕುಂದಾಪುರದ ಕಡೆಯವರು. ಗಂಡನ ಮನೆಯವರು ವಡಪಳನಿಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಕೆಳಗೆ ಹೋಟೆಲು, ಮೇಲೆ ಮನೆ. ಹುಡುಗಿ ಮದುವೆಯಾಗಿ ಚೆನ್ನೈಗೆ ಬಂದವಳು, ಇದು ಚೊಚ್ಚಲು. ಪದ್ಧತಿಯಂತೆ ಅವಳು ಹೆರಿಗೆಗೆ ತವರಿಗೆ ಹೋಗಬೇಕಾಗಿತ್ತು. ಕೊನೆಯ ತಿಂಗಳಲ್ಲಿ ಬಿಪಿ ಏರಿದ್ದರಿಂದ ವೈದ್ಯರು ಪ್ರಯಾಣ ಬೇಡವೆಂದರು. ಅವಳ ತಾಯಿಗೆ ಆಗಷ್ಟೇ ಮಂಡಿಯ ಆಪರೇಷನ್ ಆಗಿತ್ತು, ಬರುವ ಹಾಗಿರಲಿಲ್ಲ. ಬಿಪಿ ಮಾತ್ರೆಗೆ ಬಗ್ಗದೆ ಹೋದಾಗ ದಿನ ತುಂಬುವುದಕ್ಕೆ ಸ್ವಲ್ಪ ಮೊದಲೇ ಸಿಸೇರಿಯನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು ಮಗು. ತೂಕ ಕೊಂಚ ಕಡಿಮೆ, ಬೇರೆ ತೊಂದರೆ ಇರಲಿಲ್ಲ.

ಹೆರಿಗೆಯಾದರೆ ಬಿಪಿ ತಾನಾಗಿ ಇಳಿಯುತ್ತದೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಕೊನೆಗೆ ಇಳಿಯುವುದು ನಿಜ. ಆದರೆ ಕೆಲವರಲ್ಲಿ ಹೆರಿಗೆಯಾದ ಮೊದಲ ಒಂದೆರಡು ವಾರಗಳಲ್ಲೇ ಅದು ಮತ್ತೆ ಏರುತ್ತದೆ. ಏರಿದ್ದು ಗೊತ್ತಾಗದಿದ್ದರೆ ಫಿಟ್ಸ್ ಬರಬಹುದು, ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ಅಷ್ಟು ಹೊತ್ತಿಗೆ ಬಾಣಂತಿ ಮನೆಯಲ್ಲಿರುತ್ತಾಳೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದಕ್ಕಾಗಿಯೇ ಇಂಥವರ ಮನೆಯಲ್ಲಿ ದಿನವೂ ಬಿಪಿ ನೋಡಿ ನಮಗೆ ತಿಳಿಸುವ ವ್ಯವಸ್ಥೆ ಮಾಡಿಕೊಂಡಿದ್ದೆವು.

ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ತಲೆನೋವು, ಕಣ್ಣು ಮಂಜಾಗುವುದು, ಕಣ್ಣ ಮುಂದೆ ಮಿಂಚಿದಂತಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಉಸಿರು ಕಟ್ಟುವುದು. ಇವುಗಳಲ್ಲಿ ಒಂದು ಬಂದರೂ ಆಸ್ಪತ್ರೆ. ಇಬ್ಬರಿಂದಲೂ ವಾಪಸು ಹೇಳಿಸಿದೆ. ಅವಳು ಒಂದೂ ಬಿಡದೆ ಹೇಳಿದಳು. ಅವನು ಚೆನ್ನೈಯಲ್ಲೇ ಹುಟ್ಟಿ ಬೆಳೆದವನು, ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಕಲಸಿ ಹೇಳಿದ, ಆದರೆ ಸರಿಯಾಗಿಯೇ ಹೇಳಿದ.

"ಬಿಪಿ ಮಿಷನ್ ಒಂದು ತಗೋಬೇಕಾಗುತ್ತೆ," ಎಂದೆ.

"ಮನೆಯಲ್ಲೇ ಇದೆ ಸಿಸ್ಟರ್. ಅಪ್ಪಂದು. ಅವರು ಹೋಗಿ ಎರಡು ವರ್ಷ ಆಯ್ತು, ಮಿಷನ್ ಮಾತ್ರ ಸೂಪರಾ ಇದೆ."

ತರಿಸಿ ನೋಡಿದೆ. ನಮ್ಮ ಮಿಷನ್ನಿನ ಪಕ್ಕದಲ್ಲಿಟ್ಟು ಒಂದೇ ತೋಳಿಗೆ ಎರಡನ್ನೂ ಕಟ್ಟಿ ಹೋಲಿಸಿದೆ. ಸರಿಯಾಗಿತ್ತು. ತೋಳಪಟ್ಟಿಯ ಅಳತೆಯೂ ಅವಳಿಗೆ ಹೊಂದುತ್ತಿತ್ತು.

ಮನೆಗೆ ಕಳಿಸುವ ಹಿಂದಿನ ದಿನ ಗಂಡನ ಸೋದರತ್ತೆ ಊರಿಂದ ಬಂದರು, ಮಾವನವರ ಅಕ್ಕ. ಬಾಣಂತನ ಮಾಡುವುದು ಅವರೇ ಎಂದು ತಿಳಿಯಿತು. ಅತ್ತೆ, ಅಂದರೆ ಗಂಡನ ತಾಯಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು, ಅವರಿಗೆ ಬಿಡುವಿರಲಿಲ್ಲ. ಈ ಹಿರಿಯರನ್ನು ಗಂಡ ಅತ್ತೆ ಎಂದೂ ಹುಡುಗಿ ದೊಡ್ಡತ್ತೆ ಎಂದೂ ಕರೆಯುತ್ತಿದ್ದರು. ಬಟ್ಟೆಚೀಲದಲ್ಲಿ ಹೊಟ್ಟೆಗೆ ಸುತ್ತಲು ಹಳೆಯ ಹತ್ತಿ ಸೀರೆ, ಬಾಟಲಿ ತುಂಬ ಕಾಯಿಸಿದ ಎಣ್ಣೆ, ಕಾಳುಮೆಣಸು, ಬಜೆ ತಂದಿದ್ದರು. ಮಾತ್ರೆಗಳ ವಿಚಾರ ಬಂದಾಗ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು. ಬೆಳಗ್ಗೆ ಯಾವುದು, ರಾತ್ರಿ ಯಾವುದು ಎಂದು ಕೇಳಿ, ಎರಡು ಸ್ಟೀಲ್ ಡಬ್ಬಿಗಳಲ್ಲಿ ಬೇರೆ ಬೇರೆ ಹಾಕಿಸಿಕೊಂಡರು.

"ಮಾತ್ರೆ ನಾ ಕೊಡ್ತೆ. ಒಂದೂ ತಪ್ಪುದಿಲ್ಲೆ," ಎಂದರು.

ನಾನು ಬಿಪಿ ಮಿಷನ್ ಹೊರತೆಗೆದಾಗ ಅವರು ಎದ್ದು ವರಾಂಡಕ್ಕೆ ಹೋದರು. ಕೈ ತೊಳೆಯಲು ಹೋಗಿರಬೇಕೆಂದುಕೊಂಡೆ. ಗಂಡನಿಗೆ ಪಟ್ಟಿ ಕಟ್ಟುವುದನ್ನು ಹೇಳಿಕೊಟ್ಟು ಮುಗಿಸುವ ತನಕ ಅವರು ಒಳಗೆ ಬರಲಿಲ್ಲ.

ಮರುದಿನದಿಂದ ಬೆಳಗ್ಗೆ ಬೆಳಗ್ಗೆ ಗಂಡ ವಾಟ್ಸಾಪಿನಲ್ಲಿ ಬಿಪಿ ಕಳಿಸತೊಡಗಿದ. ಒಂದು ದಿನವೂ ತಪ್ಪಿಸಲಿಲ್ಲ. ನೂರ ಹದಿನೆಂಟು, ಎಪ್ಪತ್ತಾರು. ನೂರ ಇಪ್ಪತ್ತು, ಎಪ್ಪತ್ತೆಂಟು. ಸಿಸೇರಿಯನ್ ಆಗಿ, ರಾತ್ರಿ ನಿದ್ದೆಯಿಲ್ಲದೆ ಮಗುವಿಗೆ ಹಾಲು ಕೊಡುತ್ತಿರುವ, ಬಿಪಿ ಇರುವ ಹೆಣ್ಣಿಗೆ ಇವು ಬಹಳ ಒಳ್ಳೆಯ ಅಂಕಿಗಳು. ಫೋನು ಮಾಡಿದಾಗ ಬಾಣಂತಿ ಸಿಗುತ್ತಿರಲಿಲ್ಲ. ಬಾಣಂತಿ ಫೋನು ನೋಡಿದರೆ ಕಣ್ಣು ಹೋಗುತ್ತದೆ ಎಂದು ಅವಳ ಫೋನನ್ನು ದೊಡ್ಡತ್ತೆ ತೆಗೆದಿಟ್ಟಿದ್ದರು. ಕರೆ ಎತ್ತುತ್ತಿದ್ದವರು ಅವರೇ.

"ಹುಷಾರಾಗಿದ್ದಾಳಾ ಅಮ್ಮ?"

"ಹುಷಾರಿದ್ದಳ್. ಉಂಡ್ಳ್, ಮಿಂದ್ಳ್, ಮಲ್ಗಿದ್ಳ್. ಬಾಣ್ತಿಗೆ ಬೇರೆ ಎಂತ ಕೆಲ್ಸ?"

ಅಂಕಿಗಳನ್ನು ವೈದ್ಯರಿಗೆ ತೋರಿಸಿದೆ. ಅವರು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಆ ಮಾತನ್ನು ನಾನೇ ಫೋನಿನಲ್ಲಿ ದಾಟಿಸಿದೆ. ದೊಡ್ಡತ್ತೆ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

ಮಾತ್ರೆ ಇಳಿಸಿದ ಮೇಲೆ ಬಿಪಿ ಸ್ವಲ್ಪವಾದರೂ ಅಲುಗಾಡಬೇಕು. ಐದು ಏರಬೇಕು, ಎಂಟು ಏರಬೇಕು, ಒಂದು ದಿನ ಏರಿ ಮರುದಿನ ಇಳಿಯಬೇಕು. ಅವನು ಕಳಿಸುತ್ತಿದ್ದ ಅಂಕಿ ಕದಲಲಿಲ್ಲ. ಅದರಲ್ಲಿ ಸಂತೋಷಪಡುವಂಥದ್ದೇ ಇತ್ತು, ಆದರೂ ನನಗೆ ಸಮಾಧಾನವಾಗಲಿಲ್ಲ. ಮಿಷನ್ ಕೆಟ್ಟಿರಬಹುದು, ಅಥವಾ ಪಟ್ಟಿಯನ್ನು ಸಡಿಲವಾಗಿ ಕಟ್ಟುತ್ತಿರಬಹುದು ಎಂದುಕೊಂಡು, ನಾಳೆ ಅಂಕಿಯ ಜೊತೆಗೆ ಪಟ್ಟಿ ಕಟ್ಟಿದ ತೋಳಿನ ಫೋಟೋ ಕೂಡ ಕಳಿಸಿ ಎಂದು ಬರೆದೆ.

ಮರುದಿನ ಫೋಟೋ ಬಂತು. ಅವನು ಅವಸರದಲ್ಲಿದ್ದಿರಬೇಕು. ಮಿಷನ್ ಒಂದು ಮಾರ್ಬಲ್ ಮೇಜಿನ ಮೇಲಿತ್ತು. ಪಕ್ಕದಲ್ಲಿ ಕಾಫಿಯ ಡಬರಾ. ಪಟ್ಟಿಯ ಕೆಳಗೆ ಕಾಣುತ್ತಿದ್ದುದು ಕಪ್ಪು ಕೂದಲು ತುಂಬಿದ ಮುಂಗೈ.

ಫೋನು ಮಾಡಿದೆ.

"ಈ ಕೈ ಯಾರದು?"

ಅವನ ಹಿಂದೆ ಯಾರೋ "ರೆಂಡು ನೆಯ್ ರೋಸ್ಟ್!" ಎಂದು ತುಪ್ಪದ ದೋಸೆಗೆ ಕೂಗು ಹಾಕಿದರು. ಪಾತ್ರೆಗಳ ಸದ್ದು.

"ನಂದೇ ಸಿಸ್ಟರ್."

"ಇಷ್ಟು ದಿನ ಕಳಿಸಿದ್ದು?"

"ಎಲ್ಲಾ ನಂದೇ. ಅದು ಬಂದು ಸಿಸ್ಟರ್... ಅತ್ತೆ ಆ ಮಿಷನ್ನ ಬಾಣಂತಿ ರೂಮೊಳಗೆ ಬಿಡಲ್ಲ. ಸತ್ತವರ ಕೈಗೆ ಕಟ್ಟಿದ್ದು ಅಂತಾರೆ. ಹೊಸದು ತರ್ತೀನಿ ಅಂದೆ, ಅದೂ ಬೇಡ, ಆ ಜಾತಿ ಮಿಷನ್ನೇ ಬೇಡ ಅಂದ್ರು. ನೀವು ಡೈಲಿ ಕೇಳ್ತೀರಿ. ಏನಾದ್ರೂ ಕಳಿಸ್ಬೇಕಲ್ಲ?"

ಅವನ ದನಿಯಲ್ಲಿ ಕಪಟವಿರಲಿಲ್ಲ. ದಿನವೂ ಕೇಳುವ ಗಿರಾಕಿಗೆ ಇಲ್ಲ ಎನ್ನಬಾರದು ಎಂಬ ಹೋಟೆಲಿನವರ ಸಂಕೋಚದಂತೆ ಅದು ನನಗೆ ಕೇಳಿಸಿತು.

"ಅವಳು ಚೆನ್ನಾಗೇ ಇದ್ದಾಳೆ ಸಿಸ್ಟರ್. ಸ್ವಲ್ಪ ತಲೆನೋವು, ಅಷ್ಟೇ. ಅತ್ತೆ ಮೆಣಸು ಅರೆದು ಹಚ್ಚಿದ್ದಾರೆ."

ತಲೆನೋವು ಯಾವಾಗಿನಿಂದ ಎಂದು ಕೇಳಿದೆ. ಎರಡು ದಿನದಿಂದ ಎಂದ. ಮಾತ್ರೆ ಅರ್ಧ ಮಾಡಿದ ಮೇಲೆ. ಅವನ ತೋಳಿನ ಅಂಕಿಯನ್ನು ನೋಡಿ ಅವಳ ಮಾತ್ರೆಯನ್ನು ಇಳಿಸಿದ್ದೆವು.

ಈಗಲೇ ಅವಳನ್ನು ಕರೆತನ್ನಿ ಎಂದೆ. ಅವನು ತಡವರಿಸಿದ. ಹನ್ನೊಂದನೆಯ ದಿನ ಪುರುಡು ಕಳೆದು, ಮಗುವಿಗೆ ಹೆಸರಿಟ್ಟು ತೊಟ್ಟಿಲಿಗೆ ಹಾಕುವ ತನಕ ಬಾಣಂತಿ ಹೊಸ್ತಿಲು ದಾಟಬಾರದು, ಅದಕ್ಕೆ ಇನ್ನೆರಡೇ ದಿನ, ಅತ್ತೆಗೆ ಹೇಳುವುದು ಕಷ್ಟ, ಸಾಯಂಕಾಲ ಪ್ರಯತ್ನ ಮಾಡುತ್ತೇನೆ ಎಂದ. ಸಾಯಂಕಾಲದ ತನಕ ಕಾಯುವ ಹಾಗಿಲ್ಲ ಎಂದು ಹೇಳಿ ಫೋನಿಟ್ಟೆ. ಡ್ಯೂಟಿ ವೈದ್ಯರಿಗೆ ತಿಳಿಸಿದೆ. ಅವರು ಬೆಡ್ ಸಿದ್ಧ ಮಾಡಿಸುತ್ತೇನೆ ಎಂದರು, ಆದರೆ ರೋಗಿ ಬಂದರೆ ತಾನೆ? ಮನೆಗಳಿಗೆ ಹೋಗುವುದು ನನ್ನ ಕೆಲಸದಲ್ಲಿ ಸೇರಿರಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಮುಂದೆ ನಿಂತು ಫೋಟೋ ತೋರಿಸಿದೆ. ಅವರು ಅದನ್ನು ದೊಡ್ಡದು ಮಾಡಿ ನೋಡಿ, "ಅಡ ಪಾವಿ," ಎಲಾ ಪಾಪಿ, ಎಂದರು. ಆಮೇಲೆ, "ಪೋಯಿಟ್ಟು ವಾ," ಹೋಗಿ ಬಾ, ಎಂದು ವಾರ್ಡಿನ ಮಿಷನ್ನನ್ನು ತಾವೇ ಚೀಲಕ್ಕೆ ಹಾಕಿಕೊಟ್ಟರು.

ಅಂದು ಒಳ್ಳೆಯ ಮುಹೂರ್ತದ ದಿನ. ವಡಪಳನಿ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ಮದುವೆಯ ದಿಬ್ಬಣಗಳು, ನಾಗಸ್ವರ, ಹೂವಿನ ಗಾಡಿಗಳು. ಆಟೋ ಮುಂದೆ ಹೋಗದಿದ್ದಾಗ ಇಳಿದು ನಡೆದೆ. ಹೋಟೆಲಿನ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ಗಂಡ ಕೆಳಗಿನಿಂದ ಓಡಿಬಂದವನು ನನ್ನ ಹಿಂದೆ ಎರಡು ಮೆಟ್ಟಿಲು ಕೆಳಗೇ ನಿಂತ.

ದೊಡ್ಡತ್ತೆ ಬಾಗಿಲು ತೆರೆದರು. ನನ್ನ ಗುರುತು ಸಿಕ್ಕಿತು. "ಬನ್ನಿ, ಕಾಲ್ ತೊಳ್ಕಣಿ. ಕೂಕಣಿ," ಎಂದು ಒಳಗೆ ಕರೆದರು. ಅಷ್ಟರಲ್ಲಿ ನನ್ನ ಚೀಲದಿಂದ ಹೊರಗೆ ಇಣುಕುತ್ತಿದ್ದ ರಬ್ಬರ್ ಕೊಳವೆಯ ಮೇಲೆ ಅವರ ಕಣ್ಣು ಬಿತ್ತು. ಬಾಣಂತಿ ಕೋಣೆಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಎಳೆದು ಕೂತುಬಿಟ್ಟರು.

"ನಿಮ್ಗೆ ಮಕ್ಕಳಿದ್ರಾ?"

"ಇಲ್ಲ ಅಮ್ಮ."

"ಮದಿ ಆಯ್ತಾ?"

"ನಾನು ಬಿಪಿ ನೋಡೋಕೆ ಬಂದಿದ್ದೀನಿ."

"ನಾ ಊರಗೆ ಎಷ್ಟ್ ಬಾಣಂತನ ಮಾಡಿದೆ ಗೊತ್ತಿತ್ತಾ? ತಲೆನೋವು ಬಪ್ಪುದೇ. ತಲೆಗೆ ನೀರ್ ಬಿದ್ದ್ರೆ ಶೀತ ಆತ್ತ್. ಮೆಣ್ಸ್ ಹಚ್ಚಿದ್ರೆ ಹೋತ್ತ್. ನೀವ್ ಓದಿದ್ದ್ ಬೇರೆ, ನಾ ಕಂಡದ್ದ್ ಬೇರೆ."

ನನ್ನ ಹಿಂದಿನಿಂದ ಗಂಡ, "ಅತ್ತೇ, ಪ್ಲೀಸ್," ಎಂದ.

"ನೀ ಸುಮ್ನಿರ್. ಬೆಳಿಗ್ಗೆ ಎದ್ದ್ ಗಲ್ಲಾದ ಬದಿಯಗೆ ಕೂತ್ಕಂಡ್ ಕೈಗೆ ಪಟ್ಟಿ ಕಟ್ಕಂಬವ ನೀ. ನಿನ್ನಪ್ಪನ ಹಾಂಗೆ."

ಅವರನ್ನು ಸರಿಸಿ ಒಳಗೆ ಹೋಗಲು ನನಗೆ ಸಾಧ್ಯವಿತ್ತು. ಹಾಗೆ ಹೋಗಿ ಬಿಪಿ ನೋಡಿದರೂ, ಅವಳನ್ನು ಮೆಟ್ಟಿಲು ಇಳಿಸಿ ಕರೆದುಕೊಂಡು ಹೋಗಲು ಇವರ ಒಪ್ಪಿಗೆಯೇ ಬೇಕಾಗಿತ್ತು. ನಾನು ನೆಲದ ಮೇಲೆ ಅವರ ಎದುರಿಗೆ ಕೂತೆ. ಅವರ ಕೊನೆಯ ಮಾತನ್ನೇ ಹಿಡಿದು ಕೇಳಿದೆ.

"ನಿಮ್ಮ ತಮ್ಮ ದಿನಾ ನೋಡ್ಕೋತಾ ಇದ್ರಾ ಅಮ್ಮ?"

"ದಿನಾ. ನಾ ಬಂದಾಗೆಲ್ಲ ಕಾಣ್ತಿದ್ದೆ. ಪಟ್ಟಿ ಕಟ್ಟುದ್, ಉಸ್ಸ್ ಅಂತ ಅದ್ ಉಬ್ಬುದ್, ಸಂಖ್ಯೆ ಬಪ್ಪುದ್, ಅಂವ ಅದನ್ನ್ ಬರ್ದಿಡುದ್. ಅಂವ ಹೋದ್ ದಿನವೂ ಕಟ್ಕಂಡಿದ್ದ. ನೂರಾ ಎಂಬತ್ತ್ ಅಂತ ನಂಗೇ ತೋರ್ಸಿದ."

"ತೋರಿಸಿ ಏನು ಮಾಡಿದ್ರು?"

"ಎಂತ ಮಾಡುದ್? ಬರ್ದ. ಕಾಫಿ ಕುಡ್ದ. ಗಲ್ಲಾದ ಮೇಲೆ ಹೋಯಿ ಕೂತ. ಹನ್ನೊಂದ್ ಗಂಟೆಗೆ ಅಲ್ಲೇ ಬಿದ್ದ." ಸೀರೆಯ ಸೆರಗನ್ನು ಮಂಡಿಯ ಮೇಲೆ ಮಡಿಸಿದರು. "ಆ ಮಿಷನ್ ಅಂವನಿಗೆ ಎಂತ ಮಾಡ್ತ್? ಸಾವ್ ಬತ್ತ್ ಅಂತ ಹೇಳ್ತ್, ಸುಮ್ನಾತ್ತ್. ಅದನ್ನ್ ಬಾಣ್ತಿ ಕೈಗೆ ನಾ ಕಟ್ಟುಕೆ ಬಿಡ್ತಿಲ್ಲೆ."

ಮೆಟ್ಟಿಲಿನ ಮೇಲೆ ಗಂಡ ತಲೆ ತಗ್ಗಿಸಿ ನಿಂತಿದ್ದ.

ಸೂತಕದ ಮಾತು, ಸತ್ತವರ ವಸ್ತು ಎಂಬ ಮಾತು ಬಂದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಅದೇನೂ ಉಪಯೋಗಕ್ಕೆ ಬರಲಿಲ್ಲ. ಅವರ ತಕರಾರಿನಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು. ಅವರು ಕಂಡ ಮಟ್ಟಿಗೆ ಬಿಪಿ ನೋಡುವುದೆಂದರೆ ಬರೆದಿಡುವುದು, ಅಷ್ಟೇ. ನಾವೂ ಅವರ ಮನೆಗೆ ಕಲಿಸಿ ಕಳಿಸಿದ್ದು ಹೆಚ್ಚುಕಡಿಮೆ ಅದನ್ನೇ: ನೋಡಿ, ಕಳಿಸಿ.

"ಅಮ್ಮ, ನಾನು ಬರೆದುಕೊಂಡು ಹೋಗೋಕೆ ಬಂದಿಲ್ಲ," ಎಂದೆ. "ಒಂದು ಒಪ್ಪಂದ ಮಾಡ್ಕೊಳ್ಳೋಣ. ಈಗ ನೋಡ್ತೀನಿ. ನಿಮ್ಮ ಕಣ್ಣೆದುರಿಗೇ. ಮೇಲಿನ ಅಂಕಿ ನೂರ ಅರವತ್ತಕ್ಕಿಂತ ಕಡಿಮೆ ಬಂದರೆ ಮಿಷನ್ ಎತ್ಕೊಂಡು ಹೋಗ್ತೀನಿ, ಡಾಕ್ಟರು ಫೋನಿನಲ್ಲೇ ಮಾತ್ರೆ ಹೇಳ್ತಾರೆ. ಅದಕ್ಕಿಂತ ಹೆಚ್ಚು ಬಂದರೆ ಅವಳನ್ನು ಕರ್ಕೊಂಡು ಹೋಗ್ತೀನಿ. ಅಲ್ಲಿ ಇಳಿಸೋಕೆ ಔಷಧಿ ಇದೆ. ಬಂದ ಅಂಕಿಗೆ ಏನಾದರೂ ಮಾಡಿಯೇ ಮಾಡ್ತೀವಿ, ಸುಮ್ಮನೆ ಕೂರೋದಿಲ್ಲ."

"ಇಳಿಸುಕೆ ಆತ್ತಾ?"

"ಹೆಚ್ಚಿನವರಲ್ಲಿ ಆಗುತ್ತೆ."

"ಎಲ್ಲರಗೂ ಅಂತ ಹೇಳುಕೆ ಆತಿಲ್ಯಾ?"

"ಇಲ್ಲ ಅಮ್ಮ."

ಅವರು ಎದ್ದು ಕುರ್ಚಿ ಸರಿಸಿದರು.

ಕೋಣೆ ಕತ್ತಲಾಗಿತ್ತು. ಕಿಟಕಿಗೆ ದಪ್ಪ ಬೆಡ್‌ಶೀಟು ಕಟ್ಟಿದ್ದರು. ಅವಳು ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದಳು. ಹಣೆಯ ಮೇಲೆ ಒಣಗಿದ ಮೆಣಸಿನ ಲೇಪ. ಪಕ್ಕದಲ್ಲಿ ಮಗು ನಿದ್ದೆ ಮಾಡುತ್ತಿತ್ತು. ಮಗುವನ್ನು ಬಹಳ ಚೊಕ್ಕಟವಾಗಿ ಇಟ್ಟಿದ್ದರು. ನಾನು ಬೆಡ್‌ಶೀಟಿನ ಒಂದು ಅಂಚು ಸರಿಸಿದೆ.

"ಬೇಡ ಸಿಸ್ಟರ್," ಎಂದು ಅವಳು ಕಣ್ಣು ಮುಚ್ಚಿಕೊಂಡಳು. "ಬೆಳಕು ಚುಚ್ಚುತ್ತೆ."

ಬಾಣಂತಿ ಕತ್ತಲಲ್ಲಿರಬೇಕು ಎನ್ನುವುದು ಪದ್ಧತಿ. ಅವಳಿಗೆ ಬೆಳಕು ಸಹಿಸಲಾಗುತ್ತಿಲ್ಲ ಎನ್ನುವುದು ಆ ಪದ್ಧತಿಯಲ್ಲಿ ಮುಚ್ಚಿಹೋಗಿತ್ತು. ಕಣ್ಣ ಮುಂದೆ ಏನಾದರೂ ಮಿಂಚುತ್ತದೆಯೇ ಎಂದು ಕೇಳಿದೆ.

"ನಿನ್ನೆಯಿಂದ. ಮಿಣುಕುಹುಳ ಹಾಂಗೆ."

"ಯಾರಿಗೂ ಹೇಳಲಿಲ್ವಾ?"

ಅವಳು ದೊಡ್ಡತ್ತೆಯ ಕಡೆ ನೋಡಿದಳು. "ಇನ್ನೆರಡ್ ದಿನ ಅಲ್ದಾ ಅಂದ್ಕಂಡೆ."

ಆಸ್ಪತ್ರೆಯಲ್ಲಿ ಅಪಾಯದ ಲಕ್ಷಣಗಳನ್ನು ಒಂದೂ ಬಿಡದೆ ನನಗೆ ಒಪ್ಪಿಸಿದ್ದವಳು ಇವಳೇ. ಈಗಲೂ ಕೇಳಿದ್ದರೆ ಹಾಗೆಯೇ ಒಪ್ಪಿಸುತ್ತಿದ್ದಳು.

ಅವಳನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದೆ. ತೋಳಿನ ಕೆಳಗೆ ದಿಂಬು ಇಟ್ಟು ಎದೆಯ ಮಟ್ಟಕ್ಕೆ ತಂದೆ. ಪಟ್ಟಿ ಕಟ್ಟಿದೆ. ಅದು ಉಬ್ಬುವ ಸದ್ದಿಗೆ ದೊಡ್ಡತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅಂಕಿ ಬಂತು. ಸ್ವಲ್ಪ ಬಿಟ್ಟು ಮತ್ತೊಮ್ಮೆ ನೋಡಿದೆ. ಆಮೇಲೆ ಮಿಷನ್ನನ್ನು ಅವರ ಕಡೆಗೆ ತಿರುಗಿಸಿದೆ. ನೂರ ಎಪ್ಪತ್ತೆರಡು, ನೂರ ಹದಿನಾಲ್ಕು.

ಅವರು ಬಗ್ಗಿ ಓದಿದರು. "ಹನ್ನೊಂದ್ ಗಂಟೆ ಇನ್ನೂ ಆಗ್ಲಿಲ್ಲೆ," ಎಂದರು, ಯಾರಿಗೂ ಹೇಳಿದ್ದಲ್ಲ. ಮರುಕ್ಷಣ ಬಾಗಿಲ ಕಡೆ ತಿರುಗಿ, "ಮಗಾ, ಅಲ್ಲೇ ಕಂಬದ ಹಾಂಗೆ ನಿಂತದ್ದ್ ಎಂತಕ್ಕೆ? ಆಟೋ ತಕಂಡ್ ಬಾ," ಎಂದರು.

ಡ್ಯೂಟಿ ವೈದ್ಯರಿಗೆ ಫೋನು ಮಾಡಿ ಅಂಕಿ ಹೇಳಿದೆ. ಅವರ ಸೂಚನೆಯಂತೆ ಮನೆಯಲ್ಲಿದ್ದ ಮಾತ್ರೆಯನ್ನು ಕೊಟ್ಟೆ. ಯಾವ ಡಬ್ಬಿ ಎಂದು ಹುಡುಕಬೇಕಾಗಲಿಲ್ಲ, ದೊಡ್ಡತ್ತೆ ಆಗಲೇ ಮುಚ್ಚಳ ತೆಗೆದು ಹಿಡಿದಿದ್ದರು. ಮಗುವನ್ನು ಅವರೇ ಎತ್ತಿಕೊಂಡರು. ಹೊಸ್ತಿಲ ಹತ್ತಿರ ಹುಡುಗಿ ಒಂದು ಕ್ಷಣ ನಿಂತಳು. "ದಾಟ್ ಹೆಣ್ಣೆ, ನಾ ಹೇಳ್ತಿದ್ದೆ ಅಲ್ದಾ," ಎಂದು ದೊಡ್ಡತ್ತೆ ಅವಳ ಬೆನ್ನಿಗೆ ಕೈ ಕೊಟ್ಟರು.

ಆಟೋ ಅಡ್ಡ ಬೀದಿಗಳಲ್ಲಿ ಸುತ್ತಿಕೊಂಡು ಹೋಯಿತು. ಅವಳ ತಲೆ ನನ್ನ ಭುಜದ ಮೇಲಿತ್ತು. ಬಾಯಿಯ ತುದಿ, ಕಣ್ಣರೆಪ್ಪೆ, ಬೆರಳುಗಳು ಅದುರುತ್ತವೆಯೇ ಎಂದು ನೋಡುತ್ತಾ ಕೂತೆ. ಫಿಟ್ಸ್ ಬಂದರೆ ಅವಳನ್ನು ಯಾವ ಪಕ್ಕಕ್ಕೆ ತಿರುಗಿಸಬೇಕು, ಆ ಇಕ್ಕಟ್ಟಿನಲ್ಲಿ ಮಗುವಿಗೆ ಎಲ್ಲಿ ಜಾಗ ಎಂದು ಲೆಕ್ಕ ಹಾಕಿಕೊಂಡಿದ್ದೆ. ದಾರಿಯಲ್ಲಿ ಬರಲಿಲ್ಲ.

ವಾರ್ಡಿನಲ್ಲಿ ಎಲ್ಲವೂ ಸಿದ್ಧವಿತ್ತು. ಬಿಪಿ ಇಳಿಸುವ ಇಂಜೆಕ್ಷನ್, ಫಿಟ್ಸ್ ತಡೆಯಲು ಮೆಗ್ನೀಷಿಯಂ ಡ್ರಿಪ್. ಮೆಗ್ನೀಷಿಯಂ ಮೈಯಲ್ಲಿ ಹೆಚ್ಚಾದರೆ ಉಸಿರಾಟಕ್ಕೇ ತೊಂದರೆ, ಹಾಗಾಗಿ ಮತ್ತೆ ಮತ್ತೆ ಮಂಡಿಯ ಕೆಳಗೆ ತಟ್ಟಿ ಕಾಲು ಚಿಮ್ಮುತ್ತದೆಯೇ ನೋಡಬೇಕು, ಉಸಿರು ಎಣಿಸಬೇಕು, ಮೂತ್ರದ ಪ್ರಮಾಣ ಅಳೆಯಬೇಕು. ದೊಡ್ಡತ್ತೆ ಮೂಲೆಯಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಪ್ರತಿಯೊಂದನ್ನೂ ನೋಡುತ್ತಿದ್ದರು. ಮೊದಲ ಇಂಜೆಕ್ಷನ್ನಿಗೆ ಬಿಪಿ ಹೆಚ್ಚು ಇಳಿಯಲಿಲ್ಲ. ಎರಡನೆಯದು ಕೊಟ್ಟರು. ನಾನು ಪಟ್ಟಿ ಬಿಚ್ಚಿದಾಗಲೆಲ್ಲ ಅವರು, "ಎಷ್ಟ್?" ಎನ್ನುತ್ತಿದ್ದರು. ಹೇಳುತ್ತಿದ್ದೆ. ಸಾಯಂಕಾಲದ ಹೊತ್ತಿಗೆ ಮೇಲಿನ ಅಂಕಿ ನೂರ ನಲವತ್ತೆಂಟಕ್ಕೆ ಬಂತು. ಹುಡುಗಿ ತಾನಾಗಿ ಕಣ್ಣು ಬಿಟ್ಟು, ಟ್ಯೂಬ್‌ಲೈಟಿನ ಕಡೆ ನೋಡಿ, ಮಗುವನ್ನು ಕೇಳಿದಳು.

ದೊಡ್ಡತ್ತೆ ಮಗುವನ್ನು ಅವಳ ಪಕ್ಕಕ್ಕೆ ಕೊಟ್ಟು ನನ್ನ ಹತ್ತಿರ ಬಂದರು.

"ನನ್ ತಮ್ಮಂಗೂ ಹೀಂಗೆ ಮಾಡಿದ್ದ್ರೆ ಇಳೀತಿತ್ತಾ?"

"ಗೊತ್ತಿಲ್ಲ ಅಮ್ಮ. ಅವರನ್ನು ನಾನು ನೋಡಿಲ್ಲ."

ಅವರು ತಲೆಯಾಡಿಸಿದರು. ಮತ್ತೆ ಆ ಮಾತು ತೆಗೆಯಲಿಲ್ಲ.

ಗಂಡನಿಗೆ ವೈದ್ಯರು ಕಠಿಣವಾಗಿಯೇ ಹೇಳಿದರು. ಅವನು ಆಮೇಲೆ ನನ್ನ ಹತ್ತಿರ ಬಂದು, "ಚೀಟ್ ಮಾಡ್ಬೇಕು ಅಂತ ಅಲ್ಲ ಸಿಸ್ಟರ್," ಎಂದ. ಗೊತ್ತು ಎಂದೆ. ನೋಡಲು ಆಗದಿದ್ದರೆ ಆಗಲಿಲ್ಲ ಎಂದು ಕಳಿಸಿ, ಏನೂ ಬರದಿದ್ದರೆ ನಾನು ಎಚ್ಚರವಾಗುತ್ತೇನೆ, ಒಳ್ಳೆಯ ಅಂಕಿ ಬಂದರೆ ಆಗುವುದಿಲ್ಲ ಎಂದು ಹೇಳಿದೆ. ಆಮೇಲೆ ಈ ಮಾತನ್ನು ಎಲ್ಲ ಕುಟುಂಬಗಳಿಗೂ ಹೇಳತೊಡಗಿದೆ.

ಎರಡನೆಯ ಸಲ ಮನೆಗೆ ಕಳಿಸುವ ಮೊದಲು ಗಂಡನನ್ನು ಹೊರಗೆ ಕೂರಿಸಿ ದೊಡ್ಡತ್ತೆಯನ್ನು ಒಳಗೆ ಕರೆದೆ. ಲಕ್ಷಣಗಳ ಚಿತ್ರವಿರುವ ಹ್ಯಾಂಡೌಟನ್ನು ತೆಗೆಯಲೇ ಇಲ್ಲ. ಹೊಸ ಮಿಷನ್ ತರಿಸಿದ್ದೆವು. ಪಟ್ಟಿ ಕಟ್ಟುವುದು ಅವರಿಗೆ ಬೇಗ ಬಂತು. ಬಾಣಂತಿಯ ಹೊಟ್ಟೆಗೆ ಸೀರೆ ಸುತ್ತಿ ಅಭ್ಯಾಸವಾದ ಕೈಗೆ ಎಷ್ಟು ಬಿಗಿ ಇರಬೇಕೆಂದು ವಿವರಿಸಬೇಕಾಗಲಿಲ್ಲ. ಯಾವಾಗ ನೋಡಬೇಕು ಎಂಬ ಪ್ರಶ್ನೆ ಬಂತು.

"ಎಣ್ಣೆ ನೀರು ಯಾವಾಗ ಹಾಕ್ತೀರಿ?"

"ಬೆಳಿಗ್ಗೆ, ಹೊಟ್ಟೆಗೆ ಎಂತಾರೂ ಬಿದ್ದ್ ಮೇಲೆ."

"ಹಾಗಾದರೆ ನೀರು ಹಾಕೋಕೆ ಮೊದಲು."

ಮಾತ್ರೆಯಂತೆ, ಸ್ನಾನವನ್ನೂ ಅವರು ಒಂದು ದಿನವೂ ತಪ್ಪಿಸುವವರಲ್ಲ. ಮೇಲಿನ ಅಂಕಿ ನೂರ ಐವತ್ತು ದಾಟಿದರೆ ಅವಳನ್ನು ಸುಮ್ಮನೆ ಕೂರಿಸಿ ಮತ್ತೊಮ್ಮೆ ನೋಡಬೇಕು. ಆಗಲೂ ದಾಟಿದರೆ ಸ್ನಾನವಿಲ್ಲ, ಆಸ್ಪತ್ರೆ. ಇಷ್ಟನ್ನೇ ಹೇಳಿದೆ. ತಲೆನೋವು ಬಂದರೆ ಮೆಣಸು ಹಚ್ಚಬಹುದು, ಹಚ್ಚುವ ಮೊದಲು ಪಟ್ಟಿ ಕಟ್ಟಬೇಕು.

"ಬರ್ದಿಡ್ಕಾ?"

"ಅವಳ ಗಂಡ ಫೋಟೋ ಕಳಿಸಲಿ. ನೀವು ಬರೆಯೋದು ಬೇಡ."

"ಅಂವನಿಗೆ ಹೇಳಿ ಹೊರಡ್ಕಾ?"

"ಹೇಳಿ. ಅವರು ಏನಂತಾರೆ ಅಂತ ಕಾಯಬೇಡಿ."

ಇನ್‌ಚಾರ್ಜ್ ಸಿಸ್ಟರಿಗೆ ನಾನು ಹೀಗೆ ಪಾಠವನ್ನು ಮೊಟಕು ಮಾಡಿದ್ದು ಸರಿಬರಲಿಲ್ಲ. ಉಳಿದ ಲಕ್ಷಣಗಳನ್ನು ಬಿಟ್ಟೆಯಲ್ಲ ಎಂದರು. ಬಿಟ್ಟಿಲ್ಲ, ಅವು ಹುಡುಗಿಗೆ ಬಾಯಿಪಾಠವಿವೆ, ಬಾಗಿಲು ತೆರೆಯುವವರಿಗೆ ಒಂದು ವಿಷಯ ಸಾಕು ಎಂದೆ. ಅವರು ಒಪ್ಪಲಿಲ್ಲ, ತಡೆಯಲೂ ಇಲ್ಲ.

ಕುಟುಂಬ ಮನೆಗೆ ಹೋದ ಮೇಲೆ ದಿನವೂ ಫೋಟೋ ಬರುತ್ತಿತ್ತು. ಬಳೆ ತೊಟ್ಟ ತೋಳು. ನೂರ ಮೂವತ್ತೆಂಟು, ನೂರ ನಲವತ್ತೆರಡು, ನೂರ ಮೂವತ್ತನಾಲ್ಕು. ಏರುತ್ತಿತ್ತು, ಇಳಿಯುತ್ತಿತ್ತು. ಮುಂದಕ್ಕೆ ಹಾಕಿದ್ದ ನಾಮಕರಣಕ್ಕೆ ಹೊಸ ದಿನ ಗೊತ್ತುಮಾಡಿ ಗಂಡ ನನಗೂ ಆಹ್ವಾನ ಕಳಿಸಿದ. ರೋಗಿಗಳ ಮನೆಯ ಸಮಾರಂಭಗಳಿಗೆ ನಾನು ಹೋಗುವುದಿಲ್ಲ. ಶುಭವಾಗಲಿ ಎಂದು ಬರೆದೆ.

ನಾಮಕರಣದ ದಿನ ಬೆಳಗ್ಗೆ ಫೋಟೋಕ್ಕೆ ಬದಲು ವಾರ್ಡಿಗೆ ಫೋನು ಬಂತು. ಆ ದಿನ ಆದದ್ದು ಇಷ್ಟೇ: ಬಂದವಳನ್ನು ಪರೀಕ್ಷಿಸಿ, ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಹೆಚ್ಚಿಸಿ, ಬಿಪಿ ಇಳಿದ ಮೇಲೆ ಮಧ್ಯಾಹ್ನ ವಾಪಸು ಕಳಿಸಿದೆವು. ಮತ್ತೆ ಅದು ಆ ಮಟ್ಟಕ್ಕೆ ಏರಲಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕಿದ್ದು ಸಾಯಂಕಾಲ.

ಬೆಳಗ್ಗೆ ನಾನು ಆ ಫೋನು ಎತ್ತಿದಾಗ ಮೊದಲು ಕೇಳಿಸಿದ್ದು ಗದ್ದಲ, ವಾಹನಗಳ ಸದ್ದು, ಯಾವುದೋ ಮಗುವಿನ ಅಳು. ಅದರ ನಡುವೆ ಗಂಡನ ದನಿ, "ಅತ್ತೇ, ಪುರೋಹಿತರು ಬಂದಾಯ್ತು, ಎಲ್ಲರೂ ವೇಟ್ ಮಾಡ್ತಿದ್ದಾರೆ, ಒಂದೇ ಒಂದು ಗಂಟೆ..."

"ಭಟ್ರ್ ಕಾಯ್ಲಿ. ಎರಡ್ ಇಡ್ಲಿ ಹೆಚ್ಚ್ ಹಾಕ್ ಅವ್ರಿಗೆ, ಹೋಟ್ಲ್ ಇಟ್ಕಂಡದ್ದ್ ಎಂತಕ್ಕೆ?" ಎಂದ ದೊಡ್ಡತ್ತೆ ಫೋನನ್ನು ಬಾಯಿಗೆ ಹತ್ತಿರ ತಂದರು. "ಸಿಸ್ಟರಾ? ನೂರಾ ಐವತ್ತಾರ್ ಬಂತ್. ಕೂರ್ಸಿ ಮತ್ತೊಂದ್ಸಲ ಕಂಡೆ. ಐವತ್ತೆಂಟ್."

"ಅಮ್ಮ, ಸಮಾರಂಭ ಇದ್ದರೂ ಪರವಾಗಿಲ್ಲ, ನೀವು ಈಗಲೇ ಅವಳನ್ನು..."

"ಆಟೋದಗೆ ಕೂತಾಯ್ತ್ ಮಾರಾಯ್ತಿ," ಎಂದರು. "ಕೇಳುಕಲ್ಲ, ಹೇಳುಕೆ ಫೋನ್ ಮಾಡದ್ದ್."